ಮೈಸೂರಿಗೆ ಬಂದ ವಾಸ್ತುಶಿಲ್ಪಿ: ಆಟೊ ಕೋನಿಗ್ಸ್‌ಬರ್ಗರ್



ಈ ಹೊತ್ತು ನಾವು ಮಾತನಾಡಬೇಕೆಂದಿರುವುದು ಬರ್ಲಿನ್ನಿನಲ್ಲಿ ಹುಟ್ಟಿ, ಮೈಸೂರು ಸಂಸ್ಥಾನದಲ್ಲಿ ಒಂಬತ್ತು ವರ್ಷ ದುಡಿದು, ಲಂಡನ್ನಿನಲ್ಲಿ ಕಾಲವಾದ ಒಬ್ಬ ವಾಸ್ತುಶಿಲ್ಪಿಯನ್ನು ಕುರಿತು. ಆದರೆ ಮಾತನ್ನು ಬರ್ಲಿನ್ನಿನಿಂದ ಆರಂಭಿಸದೆ ಸಂಸೆಯಿಂದ ಆರಂಭಿಸಲು ಕೇಳುಗರ ಅಪ್ಪಣೆಯನ್ನು ಬೇಡುತ್ತೇವೆ. ಏತಕ್ಕೆಂದರೆ, ಈ ಮಹಾಶಯರ ಬೆಲೆ ನಮಗೆ ತಿಳಿದದ್ದು ಸಂಸೆಯಲ್ಲಿ ನಾವು ಮಾಡಿದ ಒಂದು ತಪ್ಪಿನ ದೆಸೆಯಿಂದ.

ಕಳಸದಿಂದ ಕುದುರೆಮುಖದ ಕಡೆಗೆ ಹೋಗುವ ದಾರಿಯಲ್ಲಿ ಸಿಕ್ಕುವ ಊರು ಸಂಸೆ. ಮೊದಲು ಮೂಡಿಗೆರೆಯ ತಾಲ್ಲೂಕಿಗೆ ಸೇರಿದ್ದು, ಈಗ ಕಳಸವೇ ಒಂದು ತಾಲ್ಲೂಕಾಗಿರುವುದರಿಂದ ಅದಕ್ಕೆ ಸೇರಿದೆ. ಸುತ್ತಲೂ ಬೆಟ್ಟ, ಬೆಟ್ಟದ ಮೈಯಲ್ಲಿ ಕಾಫಿ, ತಗ್ಗಿನಲ್ಲಿ ಅಡಕೆ. ಅಲ್ಲಿ ನಮ್ಮ ಪತ್ನಿಯ ತೌರುಮನೆಯಿದೆ. ಬಯಲುಸೀಮೆಯಲ್ಲಿ ಹುಟ್ಟಿದ ನಮ್ಮಂಥವರು ಮಳೆ ಎಂದರೆ ಒಂದು ಘಟನೆ ಎಂದು ತಿಳಿದಿರುತ್ತೇವೆ, ಬಂತು, ಹೋಯಿತು. ಸಂಸೆಯಲ್ಲಿ ಅದು ಘಟನೆಯಲ್ಲ, ಒಂದು ವಾಸಸ್ಥಾನ. ಜ್ಯೇಷ್ಠದಿಂದ ಭಾದ್ರಪದದವರೆಗೆ ಜನ ಅದರೊಳಗೆ ಬಾಳುತ್ತಾರೆ. ಬಟ್ಟೆ ಒಲೆಯ ಮೇಲೆ ಒಣಗುತ್ತದೆ. ಉಪ್ಪು ಡಬ್ಬಿಯಲ್ಲಿ ಕರಗುತ್ತದೆ. ಪುಸ್ತಕದ ರಟ್ಟು ಬೂಷ್ಟು ಹಿಡಿದು ಬೆಕ್ಕಿನ ಬೆನ್ನಿನಂತೆ ಮೃದುವಾಗುತ್ತದೆ.

ಅತ್ತೆಯವರ ಮನೆ ಹಳೆಯ ಕಾಲದ್ದು. ಮಂಗಳೂರು ಹಂಚು ಹೊದಿಸಿದ ಕಡಿದಾದ ಮಾಡು, ಬಗ್ಗಿ ನಡೆಯಬೇಕಾಗುವಷ್ಟು ಕೆಳಕ್ಕಿಳಿದ ಸೂರು, ಮುಂದೆ ಉದ್ದಕ್ಕೂ ಜಗುಲಿ, ಮೇಲೆ ಅಟ್ಟ, ಅಂಗಳದಾಚೆ ಕಾಫಿ ಒಣಗಿಸುವ ಕಣ. ಮುಂಗಾರು ಹಿಡಿಯುವ ಮುನ್ನ ಜಗುಲಿಯ ಪಡುವಣ ಬದಿಗೆ ಅಡಕೆಯ ಸೋಗೆಯ ತಟ್ಟಿ ಕಟ್ಟುತ್ತಾರೆ. ಇರಚಲು ಒಳಗೆ ಬಾರದು, ಗಾಳಿ ಮಾತ್ರ ನುಸುಳಿ ಬರುತ್ತದೆ. ಮಳೆಗಾಲ ಕಳೆದ ಮೇಲೆ ತಟ್ಟಿ ಬಿಚ್ಚಿದರೆ ಮನೆಗೆ ಮತ್ತೆ ಕಣ್ಣು ಬಂದ ಹಾಗೆ ಕಾಣುತ್ತದೆ.

ಏಳೆಂಟು ವರ್ಷದ ಹಿಂದೆ ಈ ಮನೆಯ ಒಂದು ಪಾರ್ಶ್ವದ ತೊಲೆಗಳಿಗೆ ಗೆದ್ದಲು ಹಿಡಿದು ಅದನ್ನು ಕೆಡವಬೇಕಾಯಿತು. ಭಾವನವರು ನಮ್ಮನ್ನು ಕರೆಸಿ, “ಭಾವ, ನೀವು ಬೆಂಗಳೂರಿನಲ್ಲಿ ಇರುವವರು, ನಾಲ್ಕು ಪುಸ್ತಕ ಓದಿದವರು. ಹೇಗೆ ಕಟ್ಟಿಸೋಣ, ನೀವೇ ಹೇಳಿ” ಎಂದರು. ಕೇಳಿದವರಿಗೆ ಹೇಳದೆ ಇರುವುದು ಅಧ್ಯಾಪಕರ ಜಾತಿಗೆ ಸಲ್ಲದ ಗುಣ. ಚೌಕವಾದ ಗೋಡೆ, ಅಗಲವಾದ ಗಾಜಿನ ಕಿಟಕಿ, ಮೇಲೆ ಮಟ್ಟಸವಾದ ಕಾಂಕ್ರೀಟಿನ ತಾರಸಿ, ಹೀಗೆ ಚಿತ್ರ ಬರೆದು ತೋರಿಸಿದೆವು. ಗೆದ್ದಲಿನ ಭಯವಿಲ್ಲ, ಇಲಿಯ ಕಾಟವಿಲ್ಲ, ವರ್ಷವರ್ಷವೂ ಹಂಚು ಕೈಯಾಡಿಸುವ ಖರ್ಚಿಲ್ಲ ಎಂದು ವಾದಿಸಿದೆವು. ಎಲ್ಲರೂ ಒಪ್ಪಿದರು. ಅತ್ತೆಯವರು ಮಾತ್ರ ಬಾಗಿಲ ಮರೆಯಿಂದ, “ಅಷ್ಟು ನೀರು ಎಲ್ಲಿಗೆ ಹೋಗಬೇಕು?” ಎಂದು ಕೇಳಿದರು. ಕೊಳವೆ ಇಡುತ್ತಾರೆ ಎಂದು ಸಮಾಧಾನ ಹೇಳಿದೆವು.

ಮೊದಲನೆಯ ಆಷಾಢದಲ್ಲಿಯೇ ಆ ಪ್ರಶ್ನೆಗೆ ಉತ್ತರ ದೊರೆಯಿತು. ಕೊಳವೆಗಳಲ್ಲಿ ಎಲೆ ತುಂಬಿ ತಾರಸಿಯ ಮೇಲೆ ನೀರು ಕೆರೆಯಾಯಿತು. ಗೋಡೆಗಳು ಹೊರಗಿನಿಂದ ನೆನೆದು ಒಳಗೆ ಹಸುರಾದವು. ಗಾಜಿನ ಕಿಟಕಿಯನ್ನು ತೆರೆದರೆ ಮಳೆ, ಮುಚ್ಚಿದರೆ ಉಸಿರುಕಟ್ಟು. ಕೀಲುನೋವಿನ ಅತ್ತೆಯವರನ್ನು ಬೆಚ್ಚಗಿರಲಿ ಎಂದು ಅದೇ ಕೋಣೆಯಲ್ಲಿ ಮಲಗಿಸಿದ್ದರು. ಆ ಮಳೆಗಾಲವೆಲ್ಲ ಅವರು ಕೆಮ್ಮಿದರು. ಶ್ರಾವಣದಲ್ಲಿ ಹಾಸಿಗೆಯನ್ನು ಹಳೆಯ ಮನೆಯ ಒಲೆಯ ಪಕ್ಕಕ್ಕೆ ಸಾಗಿಸಬೇಕಾಯಿತು. ಅವರು ನಮಗೆ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ಎಷ್ಟೋ ಲೇಸಾಗುತ್ತಿತ್ತು. ಮೂರನೆಯ ವರ್ಷ ಭಾವನವರು ತಾರಸಿಯ ಮೇಲೆ ಕಬ್ಬಿಣದ ಕಂಬ ನೆಟ್ಟು ತಗಡಿನ ಮಾಡನ್ನು ಎಬ್ಬಿಸಿದರು. ಮಲೆನಾಡಿನ ದಾರಿಗಳಲ್ಲಿ ಪ್ರಯಾಣ ಮಾಡಿದವರು ಈ ದೃಶ್ಯವನ್ನು ಕಂಡೇ ಇರುತ್ತಾರೆ: ಕಾಂಕ್ರೀಟಿನ ಟೋಪಿ, ಅದರ ಮೇಲೆ ತಗಡಿನ ಕೊಡೆ. ಒಂದೇ ತಲೆಗೆ ಎರಡು ಸಲ ವೆಚ್ಚ.

ಇಷ್ಟಾದ ಮೇಲೆ ಒಂದು ಸಂಜೆ ಬಸವನಗುಡಿಯ ಕೃಷ್ಣರಾವ್ ಉದ್ಯಾನದಲ್ಲಿ ಕುಳಿತಿದ್ದೆವು. ಅಲ್ಲಿಯ ಮಂಟಪವನ್ನು ಬಹಳ ವರ್ಷಗಳಿಂದ ಕಂಡಿದ್ದರೂ ಅದನ್ನು ಯಾರು ಕಟ್ಟಿದರೆಂಬ ಯೋಚನೆಯೇ ನಮಗೆ ಬಂದಿರಲಿಲ್ಲ. ಜೊತೆಗಿದ್ದ ಸ್ನೇಹಿತರು ಅದು ಕೋನಿಗ್ಸ್‌ಬರ್ಗರ್ ಎಂಬ ಜರ್ಮನರ ಕೈಕೆಲಸವೆಂದೂ, ಆತನೇ ಮುಂದೆ ಬಿಸಿಲು ಮಳೆಗಳ ನಾಡಿನಲ್ಲಿ ಮನೆ ಕಟ್ಟುವ ವಿಚಾರವಾಗಿ ಒಂದು ಕೈಪಿಡಿಯನ್ನು ಬರೆದರೆಂದೂ ತಿಳಿಸಿದರು. ಸಂಸೆಯ ನೆನಪು ಚುಚ್ಚುತ್ತಿದ್ದುದರಿಂದ ಆ ಪುಸ್ತಕವನ್ನು ಹುಡುಕಿ ಓದಿದೆವು. ಓದಿದ ಮೇಲೆ ಬರೆದವರ ಜೀವನವನ್ನೂ ತಿಳಿಯುವ ಆಸೆಯಾಯಿತು.

ಆಟೊ ಕೋನಿಗ್ಸ್‌ಬರ್ಗರರು ಹುಟ್ಟಿದ್ದು ೧೯೦೮ರಲ್ಲಿ, ಬರ್ಲಿನ್ನಿನ ಒಂದು ವಿದ್ಯಾವಂತ ಯೆಹೂದಿ ಮನೆತನದಲ್ಲಿ. ತಂದೆಯೂ ವಾಸ್ತುಶಿಲ್ಪಿಯೇ. ತಾಯಿ ಪ್ರಸಿದ್ಧ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನರ ಸೋದರಿ. ಈ ಸೋದರಮಾವನ ಸಂಬಂಧವನ್ನು ಕೇಳುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು; ಕಥೆ ಮೈಸೂರಿಗೆ ತಿರುಗುವುದು ಅದರಿಂದಲೇ. ಬರ್ಲಿನ್ನಿನ ತಾಂತ್ರಿಕ ವಿದ್ಯಾಲಯದಲ್ಲಿ ಹಾನ್ಸ್ ಪೋಲ್ಜಿಗ್ ಮೊದಲಾದ ದೊಡ್ಡವರ ಬಳಿ ವ್ಯಾಸಂಗ ಮಾಡಿ, ೧೯೩೩ರಲ್ಲಿ ಷಿಂಕೆಲ್ ಬಹುಮಾನವನ್ನು ಪಡೆದರು. ತರುಣ ವಾಸ್ತುಶಿಲ್ಪಿಗೆ ಆ ದೇಶದಲ್ಲಿ ಅದಕ್ಕಿಂತ ಹಿರಿದಾದ ಮನ್ನಣೆಯಿರಲಿಲ್ಲ. ಅದೇ ವರ್ಷ ಹಿಟ್ಲರನು ಅಧಿಕಾರಕ್ಕೆ ಬಂದನು. ಯೆಹೂದಿಯೆಂಬ ಒಂದೇ ಕಾರಣದಿಂದ ಇವರ ಉದ್ಯೋಗ ಹೋಯಿತು. ಇಪ್ಪತ್ತೈದನೆಯ ವಯಸ್ಸಿಗೆ ಒಂದು ಕೈಯಲ್ಲಿ ಬಹುಮಾನ, ಇನ್ನೊಂದು ಕೈಯಲ್ಲಿ ಬಹಿಷ್ಕಾರ.

ಅಲ್ಲಿಂದ ಈಜಿಪ್ಟಿಗೆ ಹೋದರು. ನೆಫರ್ಟಿಟಿಯ ಶಿರೋವಿಗ್ರಹವನ್ನು ೧೯೧೨ರಲ್ಲಿ ಮರಳಿನಿಂದ ಎತ್ತಿದ ಲುಡ್ವಿಗ್ ಬೋರ್ಕಾರ್ಟ್ ಎಂಬ ವಿದ್ವಾಂಸರು ಕೈರೋ ನಗರದಲ್ಲಿದ್ದರು. ಅವರ ಕೈಕೆಳಗೆ ಪ್ರಾಚೀನ ಕಟ್ಟಡಗಳ ಶೋಧನೆಯಲ್ಲಿ ತೊಡಗಿದರು. ಡಾಕ್ಟರ್ ಪದವಿಗೆ ಇವರು ಆರಿಸಿಕೊಂಡ ವಿಷಯ ವಿಚಿತ್ರವಾದದ್ದು: ಪುರಾತನ ಈಜಿಪ್ಟಿನವರು ಬಾಗಿಲನ್ನು ಹೇಗೆ ಮಾಡುತ್ತಿದ್ದರು ಎಂಬುದು. ಪಿರಮಿಡ್ಡುಗಳ ನಾಡಿಗೆ ಹೋಗಿ ಬಾಗಿಲನ್ನು ನೋಡಿದವರು ಇವರು. ಆ ಬಾಗಿಲುಗಳಿಗೆ ಈಗಿನಂತೆ ಕಬ್ಬಿಣದ ಕೀಲುಗಳಿರಲಿಲ್ಲ. ಕದದ ಮೂಲೆಯ ಮೊಳೆ ಮೇಲೂ ಕೆಳಗೂ ಗುಳಿಯಲ್ಲಿ ಕುಳಿತು ತಿರುಗುತ್ತಿತ್ತು. ಇದನ್ನು ಓದಿದಾಗ ನಮಗೆ ನಗು ಬಂತು. ಸಂಸೆಯ ಮನೆಯ ಹೆಬ್ಬಾಗಿಲು ಇಂದಿಗೂ ಹಾಗೆಯೇ ತಿರುಗುತ್ತದೆ. ಬೆಳಗ್ಗೆ ಅದು ಮಾಡುವ ಕಿರ್ರೆಂಬ ಸದ್ದೇ ಆ ಮನೆಯ ಸುಪ್ರಭಾತ.

ಇನ್ನು ಮೈಸೂರು. ೧೯೩೫ರಲ್ಲಿ ಬೆಂಗಳೂರಿನ ವಿಜ್ಞಾನಮಂದಿರದ ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ನರು, ಜರ್ಮನಿಯಿಂದ ಹೊರಬಿದ್ದ ಪಂಡಿತರನ್ನು ಇಲ್ಲಿಗೆ ತರಬೇಕೆಂಬ ಹಂಬಲದಿಂದ ಮ್ಯಾಕ್ಸ್ ಬಾರ್ನರನ್ನು ಕರೆಸಿಕೊಂಡರು. (ಅದೇ ವರ್ಷ ಮೈಸೂರಿನಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದರೆಂಬುದನ್ನು ಇಲ್ಲಿ ನೆನೆಯದೆ ಇರಲಾರೆವು.) ಬಾರ್ನರಿಗೆ ಇಲ್ಲಿ ಸ್ಥಿರವಾದ ಪೀಠ ದೊರೆಯಲಿಲ್ಲ. ಸಭೆಯಲ್ಲಿ ಒಬ್ಬ ಇಂಗ್ಲಿಷ್ ಅಧ್ಯಾಪಕರು ಅವರ ಎದುರಿನಲ್ಲಿಯೇ ಹೀನಾಯವಾಗಿ ಮಾತನಾಡಿದರು. ಅವರು ೧೯೩೬ರಲ್ಲಿ ಹಿಂದಿರುಗಿ ಎಡಿನ್‌ಬರೋದಲ್ಲಿ ನೆಲೆಸಿದರು. ೧೯೫೪ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ನಾವು ಕಳೆದುಕೊಂಡದ್ದು ಏನೆಂಬುದನ್ನು ಈ ಒಂದು ಸಂಗತಿಯಿಂದ ಅಳೆಯಬಹುದು. ಆದರೆ ಬಾರ್ನರು ಬೆಂಗಳೂರಿನಲ್ಲಿದ್ದಾಗ ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲರ ಪರಿಚಯವಾಗಿತ್ತು. ಆ ಪರಿಚಯದ ದಾರಿಯಿಂದ ಸೋದರಳಿಯನು ೧೯೩೯ರಲ್ಲಿ ಮೈಸೂರಿಗೆ ಬಂದು ಸರ್ಕಾರದ ಮುಖ್ಯ ವಾಸ್ತುಶಿಲ್ಪಿಯಾದನು. ಮಾವನಿಗೆ ಮುಚ್ಚಿದ ಬಾಗಿಲು ಅಳಿಯನಿಗೆ ತೆರೆಯಿತು.

ಮಿರ್ಜಾ ಅವರ ಅಭಿರುಚಿ ಎಂಥದೆಂಬುದು ಬೃಂದಾವನವನ್ನು ಕಂಡವರಿಗೆಲ್ಲ ಗೊತ್ತು. ಉದ್ಯಾನ, ಕಾರಂಜಿ, ದೀಪ, ಗುಮ್ಮಟ, ಕಮಾನು, ಇವುಗಳಲ್ಲಿ ಅವರಿಗೆ ಪ್ರೀತಿ. ಬೀದಿಯಲ್ಲಿ ಒಂದು ಕಸದ ತೊಟ್ಟಿ ವಕ್ರವಾಗಿದ್ದರೆ ಕುದುರೆಯನ್ನು ನಿಲ್ಲಿಸಿ ನೋಡುವ ದಿವಾನರು ಅವರೆಂದು ಹಿಂದಿನವರು ಹೇಳುತ್ತಿದ್ದರು. ಕೋನಿಗ್ಸ್‌ಬರ್ಗರರು ಬೆಳೆದು ಬಂದ ಪಂಥವೋ, ಅಲಂಕಾರವನ್ನು ಕಿತ್ತುಹಾಕಿ ಉಪಯೋಗವೇ ರೂಪವಾಗಬೇಕೆನ್ನುವ ಹೊಸ ಪಂಥ. ಇಬ್ಬರೂ ನಗರವು ಚೊಕ್ಕಟವಾಗಿರಬೇಕೆಂಬುದರಲ್ಲಿ ಒಂದೇ ಮನಸ್ಸಿನವರು. ಗುಮ್ಮಟ ಬೇಕೆ ಬೇಡವೆ ಎಂಬಲ್ಲಿ ಬೇರೆ ಬೇರೆ. ಸಂಬಳ ಕೊಡುವವರ ಮಾತು ನಡೆಯುವುದು ಲೋಕರೂಢಿ. ಕೃಷ್ಣರಾವ್ ಉದ್ಯಾನದ ಮಂಟಪವನ್ನು ಈ ದೃಷ್ಟಿಯಿಂದ ನೋಡಿದರೆ ಅದು ಒಂದು ರಾಜಿಪತ್ರದಂತೆ ಕಾಣುತ್ತದೆ. ನಮಗೆ ಅದರಲ್ಲಿ ಬೇಸರವಿಲ್ಲ. ಸಂಜೆಯ ಹೊತ್ತು ಮುದುಕರು ಕುಳಿತು ಮಾತನಾಡುವುದಕ್ಕೆ ಶುದ್ಧವಾದ ಸಿದ್ಧಾಂತಕ್ಕಿಂತ ಒಳ್ಳೆಯ ರಾಜಿ ಹೆಚ್ಚು ಅನುಕೂಲವಾದೀತು.

ಅವರ ಕೈ ಬಿಚ್ಚಿ ನಡೆದದ್ದು ವಿಜ್ಞಾನಮಂದಿರದಲ್ಲಿ, ನಮ್ಮ ಜನ ಟಾಟಾ ಇನ್ಸ್ಟಿಟ್ಯೂಟ್ ಎಂದು ಕರೆಯುವ ಆವರಣದಲ್ಲಿ. ೧೯೪೦ರಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಪ್ರಾರಂಭವಾಯಿತು. ೧೯೪೨ರಲ್ಲಿ ವಿಜ್ಞಾನಮಂದಿರದಲ್ಲಿ ವಿಮಾನಶಾಸ್ತ್ರದ ವಿಭಾಗ ಹುಟ್ಟಿತು. ಆ ವಿಭಾಗದ ಕಟ್ಟಡ, ಲೋಹಶಾಸ್ತ್ರದ ಕಟ್ಟಡ, ವಿದ್ಯಾರ್ಥಿಗಳ ಭೋಜನಶಾಲೆ, ಇವೆಲ್ಲ ಇವರ ಯೋಜನೆಗಳು. ಯುದ್ಧದ ಕಾಲ; ಉಕ್ಕಿಗೂ ಸಿಮೆಂಟಿಗೂ ಬರ. ಇರುವ ಸಾಮಗ್ರಿಯಲ್ಲಿ, ಇರುವ ಗಾರೆಯವರ ಕೈಯಲ್ಲಿ, ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಬಿಸಿಲು ಯಾವ ಹೊತ್ತಿಗೆ ಎಷ್ಟು ಓರೆಯಾಗಿ ಬೀಳುತ್ತದೆ ಎಂಬುದನ್ನು ಲೆಕ್ಕಹಾಕಿ ಕಟ್ಟುವ ಅಭ್ಯಾಸ ಅವರಿಗೆ ಬಂದದ್ದು ಈ ವರ್ಷಗಳಲ್ಲಿಯೇ. ಬರ್ಲಿನ್ನಿನಲ್ಲಿ ಸೂರ್ಯನನ್ನು ಒಳಕ್ಕೆ ಕರೆಯಬೇಕು. ಇಲ್ಲಿ ಅವನನ್ನು ಹೊರಗೆ ನಿಲ್ಲಿಸಿ ಬೆಳಕನ್ನು ಮಾತ್ರ ಒಳಕ್ಕೆ ಬಿಡಬೇಕು. ಹೇಳುವುದಕ್ಕೆ ಇದು ಒಂದು ವಾಕ್ಯ. ಕಲಿಯುವುದಕ್ಕೆ ಒಬ್ಬ ಪಂಡಿತನು ತಾನು ಕಲಿತ ವಿದ್ಯೆಯನ್ನು ಅರ್ಧದಷ್ಟು ಮರೆಯಬೇಕಾಗುತ್ತದೆ.

ಟಾಟಾ ಅವರ ಪರಿಚಯ ಇನ್ನೊಂದು ದೊಡ್ಡ ಕೆಲಸಕ್ಕೆ ಕಾರಣವಾಯಿತು. ಜಮ್ಷೆಡ್‌ಪುರ ಕಾಡಿನ ನಡುವೆ ಉಕ್ಕಿನ ಕಾರ್ಖಾನೆಗಾಗಿ ಎದ್ದ ಊರು. ಒಬ್ಬರ ಮೇಲೊಬ್ಬರಂತೆ ಯೋಜಕರು ಬಂದು ನಕ್ಷೆ ಬರೆದಿದ್ದರೂ, ಊರು ನಕ್ಷೆಯನ್ನು ದಾಟಿ ಬೆಳೆಯುತ್ತಲೇ ಇತ್ತು. ೧೯೪೫ರ ಹೊತ್ತಿಗೆ ಕೋನಿಗ್ಸ್‌ಬರ್ಗರರು ಅದಕ್ಕೊಂದು ಹೊಸ ಯೋಜನೆಯನ್ನು ಒಪ್ಪಿಸಿದರು. ಕಾರ್ಖಾನೆಗಾಗಿ ಕಟ್ಟಿದ ಊರು ಎಂದಾಗ ಸಂಸೆಯ ಕಡೆಯವರಿಗೆ ನೆನಪಾಗುವುದು ಕುದುರೆಮುಖ. ೧೯೭೬ರಲ್ಲಿ ಅದಿರಿನ ಕಂಪೆನಿ ಸ್ಥಾಪಿತವಾಗಿ, ಬೆಟ್ಟದ ಮಡಿಲಲ್ಲಿ ಶಾಲೆ, ಆಸ್ಪತ್ರೆ, ಸಾಲುಮನೆಗಳೊಡನೆ ಒಂದು ಪಟ್ಟಣವೆದ್ದಿತು. ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ ೨೦೦೫ರ ಕೊನೆಗೆ ಗಣಿಗಾರಿಕೆ ನಿಂತಿತು. ಪಟ್ಟಣ ಬಹುಮಟ್ಟಿಗೆ ಬರಿದಾಯಿತು. ಆ ಖಾಲಿ ಮನೆಗಳ ನಡುವೆ ಒಂದು ಮಳೆಗಾಲದಲ್ಲಿ ನಡೆದಾಡಿದಾಗ, ಒಂದೇ ಹೊಟ್ಟೆಯನ್ನು ನಂಬಿದ ಊರಿನ ಪಾಡು ಏನಾಗಬಹುದೆಂಬುದನ್ನು ಕಂಡೆವು. ಜಮ್ಷೆಡ್‌ಪುರಕ್ಕೆ ಆ ಗತಿ ಬರಲಿಲ್ಲ.

ಸ್ವಾತಂತ್ರ್ಯ ಬಂದಿತು. ಒರಿಸ್ಸಾ ಪ್ರಾಂತಕ್ಕೆ ಕಟಕದ ಬದಲು ಹೊಸ ರಾಜಧಾನಿ ಬೇಕಾಗಿ, ೧೯೪೮ರಲ್ಲಿ ಭುವನೇಶ್ವರದ ಯೋಜನೆಯನ್ನು ಕೋನಿಗ್ಸ್‌ಬರ್ಗರರು ಬರೆದುಕೊಟ್ಟರು. ಆ ವರ್ಷದ ಏಪ್ರಿಲ್ ೧೩ರಂದು ಪಂಡಿತ ನೆಹರೂ ಅವರು ಅಡಿಗಲ್ಲನ್ನಿಟ್ಟರು. ಚಂಡೀಗಢದ ಹೆಸರನ್ನು ಎಲ್ಲರೂ ಬಲ್ಲರು. ಭುವನೇಶ್ವರ ಅದಕ್ಕಿಂತ ಮೊದಲು ನಕ್ಷೆಗೆ ಬಂದದ್ದು. ಹಳೆಯ ದೇವಾಲಯಗಳ ಊರಿನ ಪಕ್ಕದಲ್ಲಿ ಒಂದು ಮುಖ್ಯ ಬೀದಿ. ಅದರ ಉದ್ದಕ್ಕೆ ಮಣಿ ಪೋಣಿಸಿದಂತೆ ನೆರೆಹೊರೆಗಳು. ಪ್ರತಿಯೊಂದು ನೆರೆಹೊರೆಗೂ ತನ್ನದೇ ಶಾಲೆ, ಅಂಗಡಿ, ಔಷಧಾಲಯ. ನಗರದ ಅಳತೆಗೋಲು ಮೋಟಾರು ಗಾಡಿಯಲ್ಲ, ಮಗುವಿನ ಕಾಲು.

ಈಗ ನಾವು ಅವರ ಬಾಳಿನ ಕಷ್ಟದ ಭಾಗಕ್ಕೆ ಬಂದೆವು. ಸ್ವಲ್ಪ ನಿಧಾನವಾಗಿ ಹೇಳಬೇಕು.

ದೇಶವಿಭಜನೆಯಿಂದ ಲಕ್ಷಾಂತರ ಜನ ಮನೆ ಕಳೆದುಕೊಂಡು ಬಂದಿದ್ದರು. ಕೇಂದ್ರ ಸರ್ಕಾರವು ೧೯೪೮ರಲ್ಲಿ ಕೋನಿಗ್ಸ್‌ಬರ್ಗರರನ್ನು ಗೃಹನಿರ್ಮಾಣದ ನಿರ್ದೇಶಕರನ್ನಾಗಿ ನಿಯಮಿಸಿತು. ತಾನೇ ನಿರಾಶ್ರಿತನಾಗಿದ್ದವನಿಗೆ ನಿರಾಶ್ರಿತರಿಗೆ ಮನೆ ಕಟ್ಟುವ ಕೆಲಸ. ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು ಕಟ್ಟುತ್ತ ಕುಳಿತರೆ ಯಾವ ಕಾಲಕ್ಕೆ ಮುಗಿದೀತು? ಅವರ ಉಪಾಯವೇನೆಂದರೆ, ಮನೆಯನ್ನು ಕಾರ್ಖಾನೆಯಲ್ಲಿ ಮಾಡಬೇಕು. ಗೋಡೆಗಳನ್ನು ಹಲಗೆ ಹಲಗೆಯಾಗಿ ಎರಕ ಹೊಯ್ದು, ಲಾರಿಯಲ್ಲಿ ಒಯ್ದು, ನಿಂತ ಜಾಗದಲ್ಲಿ ಜೋಡಿಸಿಬಿಡಬೇಕು. ದೆಹಲಿಯ ಜಂಗಪುರದಲ್ಲಿ ಸರ್ಕಾರದ ಗೃಹನಿರ್ಮಾಣ ಕಾರ್ಖಾನೆ ಎದ್ದಿತು. ಇಂಗ್ಲೆಂಡಿನಿಂದ ಯಂತ್ರವೂ ವಿಧಾನವೂ ಬಂದವು. ಪತ್ರಿಕೆಗಳು ಹೊಗಳಿದವು.

ಹಲಗೆಗಳು ಬಿರುಕು ಬಿಟ್ಟವು. ಒಣಗುವಾಗ ಬಿರುಕು, ಸಾಗಿಸುವಾಗ ಬಿರುಕು. ತಂಪುದೇಶದಲ್ಲಿ ನಡೆದ ವಿಧಾನ ದೆಹಲಿಯಲ್ಲಿ ನಡೆಯಲಿಲ್ಲ. ಹವೆಯ ವಿಚಾರವನ್ನು ಅವರಷ್ಟು ತಿಳಿದವರು ಆಗ ಈ ದೇಶದಲ್ಲಿ ಬಹಳ ಮಂದಿ ಇರಲಿಲ್ಲ. ಅವರ ಕೆಲಸವೇ ಹೀಗಾಯಿತು. ಅವಸರವು ಬಲ್ಲವರನ್ನೂ ಕೆಡಿಸುತ್ತದೆ. ಪಾರ್ಲಿಮೆಂಟಿನಲ್ಲಿ ಪ್ರಶ್ನೆಗಳೆದ್ದವು, ಸಾರ್ವಜನಿಕರ ಹಣ ನೀರಿನಲ್ಲಿ ಹೋಮವಾಯಿತೆಂದು ಕೂಗಾಯಿತು, ಹೊಗಳಿದ ಪತ್ರಿಕೆಗಳೇ ಹೀಗಳೆದವು. ೧೯೫೧ರಲ್ಲಿ ಕೋನಿಗ್ಸ್‌ಬರ್ಗರರು ಹಿಂದೂಸ್ಥಾನವನ್ನು ಬಿಟ್ಟು ಲಂಡನ್ನಿಗೆ ಹೋದರು. ಹನ್ನೆರಡು ವರ್ಷ ದುಡಿದ ನಾಡಿನಿಂದ ಹೊರಟಾಗ ಅವರಿಗೆ ನಲವತ್ತು ದಾಟಿತ್ತು, ಹೊಸದಾಗಿ ಮೊದಲುಮಾಡಬೇಕಾಗಿತ್ತು. ಅದೇ ವಯಸ್ಸಿನಲ್ಲಿರುವ ನಮಗೆ ಅದು ಎಂಥ ಮಾತೆಂಬುದು ತಿಳಿಯುತ್ತದೆ.

ಕಾರ್ಖಾನೆ ಸಾಯಲಿಲ್ಲವೆಂಬುದು ಕುತೂಹಲದ ಸಂಗತಿ. ೧೯೫೩ರಲ್ಲಿ ಅದು ಹಿಂದೂಸ್ಥಾನ್ ಹೌಸಿಂಗ್ ಫ್ಯಾಕ್ಟರಿ ಎಂಬ ಕಂಪೆನಿಯಾಯಿತು. ೧೯೭೮ರಲ್ಲಿ ಹಿಂದೂಸ್ಥಾನ್ ಪ್ರಿಫ್ಯಾಬ್ ಎಂಬ ಹೆಸರನ್ನು ಪಡೆಯಿತು. ಮನೆಗಾಗಿ ಹುಟ್ಟಿದ್ದು ವಿದ್ಯುತ್ತಿನ ಕಂಬಗಳನ್ನೂ ರೈಲು ಹಳಿಯ ಕೆಳಗಿನ ಕಾಂಕ್ರೀಟು ತೊಲೆಗಳನ್ನೂ ಮಾಡಿ ಬದುಕಿತು. ಸಂಸ್ಥೆಗಳಿಗೂ ಜಾತಕವಿರುತ್ತದೆ, ಬರೆದವರು ಓದಿದಂತೆ ಅದು ನಡೆಯುವುದಿಲ್ಲ.

ಅದೇ ಕಾಲದಲ್ಲಿ ಫರೀದಾಬಾದಿನಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ವಾಯವ್ಯ ಗಡಿಪ್ರಾಂತದಿಂದ ಬಂದ ನಿರಾಶ್ರಿತರು ಅಲ್ಲಿ ಸಹಕಾರ ಸಂಘಗಳನ್ನು ಮಾಡಿಕೊಂಡು ತಮ್ಮ ಮನೆಗಳನ್ನು ತಾವೇ ಕಟ್ಟಿದರು. ಕೂಲಿಯೂ ಅವರದೇ, ಮನೆಯೂ ಅವರದೇ. ಇದಕ್ಕೆ ಬೆಂಬಲವಾಗಿ ನಿಂತವರಲ್ಲಿ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರೂ ಒಬ್ಬರು. ಯಂತ್ರದ ಗೋಡೆ ಬಿರಿದಾಗ ಕೈಯ ಗೋಡೆ ನಿಂತಿತು.

ಲಂಡನ್ನಿನಲ್ಲಿ ಅವರು ತೆರೆದದ್ದು ಕಟ್ಟಡದ ಕಂಪೆನಿಯನ್ನಲ್ಲ. ೧೯೫೩ರಲ್ಲಿ ಅಲ್ಲಿ ಉಷ್ಣವಲಯದ ವಾಸ್ತುಶಿಲ್ಪವನ್ನು ಕುರಿತು ಒಂದು ಸಮ್ಮೇಳನ ನಡೆಯಿತು. ಅದಕ್ಕೆ ಪ್ರೇರಣೆ ಒಬ್ಬ ನೈಜೀರಿಯಾದ ವಿದ್ಯಾರ್ಥಿ. ಇಂಗ್ಲೆಂಡಿನಲ್ಲಿ ತನಗೆ ಕಲಿಸುತ್ತಿರುವುದು ಇಂಗ್ಲೆಂಡಿಗೇ ಸರಿ, ತನ್ನ ಊರಿಗೆ ಅದರಿಂದ ಏನು ಪ್ರಯೋಜನ ಎಂಬುದು ಆತನ ಅಳಲು. ಅತ್ತೆಯವರ ಪ್ರಶ್ನೆಗೆ ಇದು ದೂರದ ನಂಟು. ಮರುವರ್ಷ ಲಂಡನ್ನಿನ ವಾಸ್ತುಶಿಲ್ಪಿಗಳ ವಿದ್ಯಾಲಯದಲ್ಲಿ ಮ್ಯಾಕ್ಸ್‌ವೆಲ್ ಫ್ರೈ ಅವರ ಮುಖಂಡತ್ವದಲ್ಲಿ ಉಷ್ಣವಲಯದ ವಿಭಾಗ ಹುಟ್ಟಿತು. ೧೯೫೭ರಿಂದ ಕೋನಿಗ್ಸ್‌ಬರ್ಗರರೇ ಅದರ ಮುಖ್ಯಸ್ಥರಾದರು. ಆಫ್ರಿಕಾ, ಸಿಂಹಳ, ಹಿಂದೂಸ್ಥಾನ, ಪಾಕಿಸ್ತಾನಗಳಿಂದ ತರುಣರು ಬಂದು ಕಲಿತರು. ೧೯೭೧ರಲ್ಲಿ ಆ ವಿಭಾಗ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಸೇರಿ, ಅಭಿವೃದ್ಧಿ ಯೋಜನೆಯ ಘಟಕವೆಂಬ ಹೆಸರಿನಿಂದ ಇಂದಿಗೂ ನಡೆದುಬಂದಿದೆ. ಅಲ್ಲಿಂದ ಹೊರಟವರು ಕಟ್ಟಿದ ಮನೆಗಳನ್ನು ಯಾರೂ ಎಣಿಸಿಲ್ಲ.

ವಿಶ್ವಸಂಸ್ಥೆಯವರು ಅವರನ್ನು ದೇಶದೇಶಗಳಿಗೆ ಕಳುಹಿದರು. ಗೋಲ್ಡ್ ಕೋಸ್ಟಿನ, ಎಂದರೆ ಇಂದಿನ ಘಾನಾ ದೇಶದ ವಿಚಾರವಾಗಿ ೧೯೫೦ರ ದಶಕದ ನಡುವೆ ಚಾರ್ಲ್ಸ್ ಏಬ್ರಮ್ಸ್, ಬೋಡಿಯಾನ್ಸ್ಕಿ ಎಂಬಿಬ್ಬರೊಡನೆ ಅವರು ಮಾಡಿದ ಶಿಫಾರಸು ನಮಗೆ ಬಹಳ ಹಿಡಿಸಿತು. ಅಲ್ಲಿಯ ಹಳ್ಳಿಗರು ಮಣ್ಣಿನ ಗೋಡೆಯನ್ನು ತಾವೇ ಎಬ್ಬಿಸಬಲ್ಲರು. ಅದಕ್ಕೆ ಯಾರ ನೆರವೂ ಬೇಡ. ಅವರ ಕೈಗೆ ಎಟುಕದ್ದು ಮಾಡು. ಮಾಡಿಲ್ಲದ ಗೋಡೆ ಒಂದೆರಡು ಮಳೆಗೆ ಕರಗಿಹೋಗುತ್ತದೆ. ಆದ್ದರಿಂದ ಸರ್ಕಾರ ಮನೆ ಕಟ್ಟಿಕೊಡುವ ಗೋಜಿಗೆ ಹೋಗದೆ, ಹಳ್ಳಿಗರ ಸಂಘಗಳಿಗೆ ಮಾಡಿನ ಮಟ್ಟಿಗೆ ಸಾಲ ಕೊಡಲಿ ಎಂದರು. ಇಡೀ ಮನೆಯನ್ನು ಕಾರ್ಖಾನೆಯಲ್ಲಿ ಮಾಡಿ ಜನಕ್ಕೆ ಹಂಚಹೋಗಿದ್ದ ಮನುಷ್ಯರು ಐದಾರು ವರ್ಷಗಳಲ್ಲಿ ಎಲ್ಲಿಗೆ ಬಂದು ನಿಂತರು ನೋಡಿ. ದೆಹಲಿಯ ಬಿರುಕು ಅವರಿಗೆ ಏನನ್ನೋ ಹೇಳಿಕೊಟ್ಟಿರಬೇಕೆಂದು ನಮಗೆ ತೋರುತ್ತದೆ. ೧೯೬೩ರಲ್ಲಿ ಸಿಂಗಪುರಕ್ಕೆ ಹೋದಾಗಲೂ ಇದೇ ಧಾಟಿ: ಇಪ್ಪತ್ತು ವರ್ಷದ ನಕ್ಷೆಯನ್ನು ಪರಿಪೂರ್ಣವಾಗಿ ಬರೆದು ಮುಗಿಸುವುದರೊಳಗೆ ಊರು ಬೇರೆಯಾಗಿರುತ್ತದೆ, ಆದ್ದರಿಂದ ತುರ್ತಾದದ್ದನ್ನು ಕೈಗೆತ್ತಿಕೊಂಡು ಮಾಡಿ, ಅದರ ಫಲವನ್ನು ನೋಡಿ, ತ‌ಪ್ಪಿದ್ದರೆ ತಿದ್ದಿಕೊಂಡು ಮುಂದುವರಿಯಬೇಕು.

ಆ ಕೈಪಿಡಿಯ ಮಾತಿಗೆ ಬರೋಣ. ೧೯೭೦ರ ದಶಕದ ಮೊದಲಲ್ಲಿ ಇನ್ನು ಮೂವರೊಡನೆ ಸೇರಿ ಅವರು ಬರೆದ ಪುಸ್ತಕ ಅದು. ನಮ್ಮ ದೇಶದ ವಾಸ್ತುಶಿಲ್ಪದ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಅದರಲ್ಲಿ ಮಹೋನಿ ಎಂಬವರ ಹೆಸರಿನ ಕೋಷ್ಟಕಗಳಿವೆ. ಊರಿನ ಹನ್ನೆರಡು ತಿಂಗಳ ಉಷ್ಣತೆ, ತೇವ, ಮಳೆ, ಗಾಳಿ ಇವನ್ನು ಸಾಲಾಗಿ ಬರೆದುಕೊಂಡು, ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ನಡೆಯುತ್ತ ಹೋದರೆ, ಮನೆ ಯಾವ ಕಡೆಗೆ ಮುಖ ಮಾಡಬೇಕು, ಕೋಣೆಗಳು ಒಂದು ಸಾಲೋ ಎರಡು ಸಾಲೋ, ಗೋಡೆ ತೆಳುವೋ ದಪ್ಪವೋ, ಕಿಟಕಿ ಎಷ್ಟು ಅಗಲ ಎಂಬುದೆಲ್ಲ ಹೊರಬೀಳುತ್ತದೆ. ಕವಿತ್ವವೇನೂ ಇಲ್ಲ, ದಿನಸಿಯಂಗಡಿಯ ಲೆಕ್ಕದಂತಿದೆ. ತಿಂಗಳಿಗೆ ೨೦೦ ಮಿಲಿಮೀಟರಿಗಿಂತ ಹೆಚ್ಚು ಮಳೆ ಬಿದ್ದರೆ ಮನೆಗೆ ಮಳೆಯಿಂದ ರಕ್ಷಣೆ ಬೇಕೆಂದು ಆ ಪಟ್ಟಿಯ ಒಂದು ಕಲಮು ಹೇಳುತ್ತದೆ. ಸಂಸೆಯವರು ಕೇಳಿದರೆ ನಕ್ಕಾರು. ಆಷಾಢದಲ್ಲಿ ಅಷ್ಟು ಮಳೆಗೆ ಅಲ್ಲಿ ಒಂದು ವಾರವೂ ಬೇಡ.

ರಜೆಯಲ್ಲಿ ಸಂಸೆಯ ಜಗುಲಿಯಲ್ಲಿ ಕುಳಿತು ಆ ಕೋಷ್ಟಕವನ್ನು ತುಂಬಿದೆವು. ಭಾವನವರು ತೋಟದ ಮಳೆಯ ಲೆಕ್ಕದ ಪುಸ್ತಕವನ್ನು ತಂದುಕೊಟ್ಟರು. ಕಾಫಿ ಬೆಳೆಯುವವರು ಮಳೆಯನ್ನು ದಿನದಿನವೂ ಅಳೆದು ಬರೆದಿಡುತ್ತಾರಷ್ಟೆ. ಕೂಡಿ ಕಳೆದು ಕೊನೆಗೆ ಬಂದ ಉತ್ತರ: ಒಂದು ಸಾಲಿನ ಕೋಣೆಗಳು, ಗಾಳಿ ಆಡುವ ಕಿಂಡಿಗಳು, ಚಾಚಿದ ಸೂರು, ಇರಚಲಿಗೆ ತಡೆ, ನೀರು ಬೇಗ ಇಳಿಯುವ ಮಾಡು. ತಲೆ ಎತ್ತಿ ನೋಡಿದರೆ ನಾವು ಕುಳಿತಿದ್ದುದು ಆ ಉತ್ತರದೊಳಗೆಯೇ. ಎದುರಿಗೆ ತಗಡಿನ ಕೊಡೆ ಹಿಡಿದ ನಮ್ಮ ಕೋಣೆ ನಿಂತಿತ್ತು.

ಹಳೆಯದೆಲ್ಲ ಸರಿಯೆಂದು ನಾವು ಹೇಳುತ್ತಿಲ್ಲ. ಆ ಮನೆಯ ಒಳಕೋಣೆಗಳಲ್ಲಿ ಹಗಲೇ ದೀಪ ಬೇಕು, ಹೊಗೆಯಿಂದ ಹೆಂಗಸರ ಕಣ್ಣು ಕೆಟ್ಟಿದೆ, ಗೆದ್ದಲಂತೂ ಸುಳ್ಳಲ್ಲ. ಮಾಡಿನ ಹಂಚು ಕೂಡ ಅನಾದಿಯಲ್ಲ. ಅದೂ ೧೮೬೫ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಎಂಬ ಜರ್ಮನ್ ಪಾದ್ರಿಗಳು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಘಟ್ಟ ಹತ್ತಿ ಬಂದದ್ದು. ಅದಕ್ಕೆ ಮುಂಚೆ ಬಹಳ ಮನೆಗಳಿಗೆ ಹುಲ್ಲು ಸೋಗೆಗಳೇ ಹೊದಿಕೆ. ಹೊರಗಿನಿಂದ ಬಂದ ವಸ್ತು ಇಲ್ಲಿಯ ಮಳೆಗೆ ಒಗ್ಗಿ ನಮ್ಮದಾಯಿತು. ಕಾಂಕ್ರೀಟಿಗೂ ಒಗ್ಗುವ ಕಾಲ ಬಂದೀತು. ಓರೆಯಾದ ಕಾಂಕ್ರೀಟಿನ ಮೇಲೆ ಹಂಚು ಹೊದಿಸುವವರನ್ನು ಈಚೆಗೆ ಕಳಸದ ಕಡೆ ಕಂಡಿದ್ದೇವೆ.

ಕೋನಿಗ್ಸ್‌ಬರ್ಗರರು ೧೯೯೯ರ ಜನವರಿಯಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ತೊಂಬತ್ತು ವರ್ಷ ತುಂಬಿತ್ತು.

ಈ ಬೇಸಗೆಯಲ್ಲಿ ಸಂಸೆಯ ಹಳೆಯ ಭಾಗದ ಮಾಡನ್ನು ಬಿಚ್ಚಿ ಕಟ್ಟಬೇಕಾಗಿದೆ. ಭಾವನವರು ದೂರವಾಣಿಯಲ್ಲಿ ಮಾತನಾಡುತ್ತ, ಹೇಗೆ ಮಾಡೋಣ ಎಂದು ಮತ್ತೆ ಕೇಳಿದರು. ಅವರ ಸೌಜನ್ಯ ದೊಡ್ಡದು. ಅತ್ತೆಯವರನ್ನು ಕೇಳಿ ಎಂದೆವು. ಅವರು ಹಿಂದಿನಿಂದ ಹೇಳುತ್ತಿದ್ದುದು ಕೇಳಿಸಿತು: ಪಡುವಣ ಬದಿಯ ಸೂರನ್ನು ಇನ್ನು ಒಂದು ಮೊಳ ಮುಂದಕ್ಕೆ ತರಬೇಕು, ಒಳಕೋಣೆಗೆ ಎರಡು ಗಾಜಿನ ಹಂಚು ಹಾಕಿಸಬೇಕು. ಪಕಾಸಿಗಳನ್ನು ಕೊಯ್ಯಲು ಕೊಟ್ಟಿದ್ದಾರೆ. ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಗಳು ಎಷ್ಟೋ ಮುಚ್ಚಿಹೋಗಿರುವುದರಿಂದ ಹೊಸ ಹಂಚು ಹಿಂದಿನಂತೆ ಸುಲಭವಾಗಿ ಸಿಕ್ಕುವುದಿಲ್ಲ. ಕೆಡವಿದ ಮನೆಯೊಂದರ ಹಂಚನ್ನು ಒಟ್ಟಾಗಿ ಕೊಂಡು ಅಂಗಳದಲ್ಲಿ ಪೇರಿಸಿದ್ದಾರಂತೆ. ರೋಹಿಣಿ ಮಳೆಗೆ ಮುಂಚೆ ಹೊದಿಕೆ ಮುಗಿಯಬೇಕು. ಕಾಲೇಜಿನ ಪರೀಕ್ಷೆಗಳು ಮುಗಿದ ಕೂಡಲೆ ನಾವೂ ಅಲ್ಲಿಗೆ ಹೊರಡುವವರಿದ್ದೇವೆ. ಹಂಚು ಒರೆಸಿ ಕೊಡುವ ಕೆಲಸ ನಮಗಾಗಿ ಕಾದಿದೆಯೆಂದು ಹೇಳಿ ಕಳುಹಿದ್ದಾರೆ.